ಆಕಾಶದಲ್ಲಿ ಸಾಸಿವೆ: ಬರೋಕ್ ಕಾಲದ ಎಚಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಪ್ರೆಸ್‌ನಿಂದ ಕಾಗದ ಎತ್ತಿ ನೋಡಿದರೆ ಆಕಾಶದ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. ಅಲ್ಲಿ ನಾನು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಅಂಗೈ ಅಗಲದ ತಾಮ್ರದ ತಗಡು, ಹತ್ತು ದಿನದ ಕೆಲಸ. ಮೊದಲು ಇಂಕ್ ಮೇಲೆ ಸಿಟ್ಟು ಬಂತು, ಆಮೇಲೆ ಕಾಗದದ ಮೇಲೆ. ಪಾಪ, ಎರಡರದ್ದೂ ತಪ್ಪಿರಲಿಲ್ಲ. ತಪ್ಪು ನಡೆದದ್ದು ಅದಕ್ಕೂ ಮೂರು ದಿನ ಮುಂಚೆ, ನಾನು ತಗಡು ಉಜ್ಜುತ್ತಾ ಕೂತಿದ್ದಾಗ.

ಎಚಿಂಗ್‌ನಲ್ಲಿ ದೋಷ ಹುಟ್ಟುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ನಡುವೆ ನಾಲ್ಕೈದು ಹಂತ ದಾಟಿರುತ್ತದೆ. ಹಾಗಾಗಿ ಪ್ರತಿಯಿಂದ ಹಿಂದಕ್ಕೆ ನಡೆಯುತ್ತಾ ಹೋಗಬೇಕು. ಈ ಬರಹ ಬರೋಕ್ ಕಾಲದ, ಅಂದರೆ 17ನೇ ಶತಮಾನದ ಕ್ರಮದಲ್ಲಿ, ಅಂದರೆ ತಾಮ್ರದ ಮೇಲೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಕಚ್ಚಿಸುವವರಿಗಾಗಿ. ಹಳೆಯ ಎಚಿಂಗ್‌ಗಳನ್ನು ನೋಡುವಾಗ "ಇದು ತಪ್ಪೋ, ಬೇಕೆಂದೇ ಮಾಡಿದ್ದೋ" ಎಂದು ತಲೆ ಕೆರೆದುಕೊಳ್ಳುವವರಿಗೂ ಉಪಯೋಗವಾಗಬಹುದು.

ಹೊಸಬರಿಗೆ ಎರಡು ಮಾತು. ನುಣುಪಾದ ತಾಮ್ರದ ತಗಡಿನ ಮೇಲೆ ಮೇಣ, ರಾಳ, ಆಸ್ಫಾಲ್ಟಮ್ (ಡಾಂಬರಿನಂಥ ಕಪ್ಪು ವಸ್ತು) ಸೇರಿದ ತೆಳು ಲೇಪ ಹಚ್ಚುತ್ತಾರೆ. ಇದಕ್ಕೆ ಗ್ರೌಂಡ್ ಎನ್ನುತ್ತಾರೆ. ಅದಕ್ಕೆ ಮೇಣದ ಬತ್ತಿಯ ಹೊಗೆ ಹಿಡಿದು ಕಪ್ಪು ಮಾಡುತ್ತಾರೆ. ಸೂಜಿ ಗೀಚಿದ ಕಡೆ ತಾಮ್ರ ಹೊಳೆಯುತ್ತದೆ. ತಗಡು ಆಮ್ಲಕ್ಕೆ ಬಿದ್ದಾಗ ಆ ಹೊಳೆಯುವ ಕಡೆ ಮಾತ್ರ ಕಚ್ಚುತ್ತದೆ. ಲೇಪ ಒರೆಸಿ, ಕಚ್ಚಿದ ಗೆರೆಗಳಿಗೆ ಇಂಕ್ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ ಉರುಳೆಗಳ ನಡುವೆ ಒತ್ತಿದರೆ ಚಿತ್ರ.

ಮೊದಲು ಮೂರು ಪ್ರತಿ ತೆಗೆಯಿರಿ

ಒಂದೇ ಪ್ರತಿ ನೋಡಿ ತೀರ್ಮಾನ ಮಾಡಬೇಡಿ. ಪ್ರತಿ ಸಲ ಹೊಸದಾಗಿ ಇಂಕ್ ಹಚ್ಚಿ ಮೂರು ತೆಗೆಯಿರಿ. ಕಲೆ ಮೂರರಲ್ಲೂ ಅದೇ ಜಾಗದಲ್ಲಿ ಇದ್ದರೆ ತಪ್ಪು ತಗಡಿನಲ್ಲಿದೆ. ಜಾಗ ಬದಲಿಸಿದರೆ ಇಂಕ್, ಒರೆಸುವ ಕೈ, ಕಾಗದ ಅಥವಾ ಪ್ರೆಸ್‌ನಲ್ಲಿದೆ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಈ ವಿಂಗಡಣೆಗೆ ಒಳ್ಳೆಯ ನಕ್ಷೆಯೊಂದು 1642ರಲ್ಲೇ ಸಿಕ್ಕಿದೆ. ಪ್ಯಾರಿಸ್‌ನ ಅಬ್ರಹಾಂ ಬೊಸ್ ಆ ವರ್ಷ ಮುದ್ರಣದ ಕೋಣೆಯೊಂದನ್ನು ಎಚಿಂಗ್ ಮಾಡಿದ. ಅದರಲ್ಲಿ ಒಬ್ಬ ತಗಡಿಗೆ ಇಂಕ್ ಹಚ್ಚುತ್ತಿದ್ದಾನೆ. ಇನ್ನೊಬ್ಬ ಅಂಗೈಯಿಂದ ಒರೆಸುತ್ತಿದ್ದಾನೆ. ಮೂರನೆಯವನು ಪ್ರೆಸ್‌ನ ದೊಡ್ಡ ಹಿಡಿಗಾಲಿಯನ್ನು ಕೈ ಕಾಲು ಎರಡೂ ಹಾಕಿ ಎಳೆಯುತ್ತಿದ್ದಾನೆ. ತಲೆ ಮೇಲೆ ಹಗ್ಗಕ್ಕೆ ಪ್ರತಿಗಳು ಒಣಗುತ್ತಿವೆ, ನಮ್ಮ ಮನೆ ಹಿತ್ತಲಲ್ಲಿ ಬಟ್ಟೆ ಹಾಕಿದ ಹಾಗೆ. ಮೂರು ಕೈ, ಅಂದರೆ ಮೂರು ಅನುಮಾನ. ಮರುವರ್ಷ ಅವನೇ ಇನ್ನೊಂದು ಚಿತ್ರದಲ್ಲಿ ಗೀಚುವವರ ಮತ್ತು ಉಳಿಯಿಂದ ಕೊರೆಯುವವರ ಕೋಣೆ ತೋರಿಸಿದ. ಎರಡೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಕಸುಬು. ನಾವು ಮಾತ್ರ ಒಬ್ಬರೇ ಎಲ್ಲ ಮಾಡುತ್ತೇವೆ. ಹಾಗಾಗಿ ಬೈಯೋಕೆ ಬೇರೆ ಯಾರೂ ಸಿಗುವುದಿಲ್ಲ.

ತಗಡಿನದ್ದೇ ತಪ್ಪು ಎಂದಾದರೆ ಅದನ್ನು ಪೂರ್ತಿ ಒರೆಸಿ, ಕಿಟಕಿಯ ಪಕ್ಕ ಓರೆಯಾಗಿ ಹಿಡಿಯಿರಿ. ಭೂತಗನ್ನಡಿ ಇರಲಿ. ಉಗುರನ್ನು ನಿಧಾನವಾಗಿ ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಆಮ್ಲ ಕಚ್ಚಿದ ಹಳ್ಳ. ಸಿಕ್ಕದೆ ಬರೀ ಮಬ್ಬು ಕಂಡರೆ ಮೇಲ್ಮೈಯ ಗೀರು, ಅದು ಉಜ್ಜಿದರೆ ಹೋಗುತ್ತದೆ.

ಲಕ್ಷಣ: ಖಾಲಿ ಜಾಗದಲ್ಲಿ ಚುಕ್ಕೆಗಳು

ನನ್ನ ಸಾಸಿವೆ ಇದೇ. ಗ್ರೌಂಡ್ ದಾಟಿ ಆಮ್ಲ ಒಳಗೆ ಹೋಗಿದೆ. ಕಾರಣ ಹಲವು, ಆದರೆ ಚುಕ್ಕೆಗಳ ಆಕಾರವೇ ಸುಳಿವು ಕೊಡುತ್ತದೆ.

ಚುಕ್ಕೆಗಳು ತಗಡಿನ ತುಂಬ ಸಮನಾಗಿ ಹರಡಿದ್ದರೆ ಗ್ರೌಂಡ್ ತೆಳುವಾಗಿತ್ತು. ಒಂದು ಕಡೆ ಮಾತ್ರ ದಟ್ಟವಾಗಿದ್ದರೆ ಅಲ್ಲಿ ಲೇಪ ಸುಟ್ಟಿದೆ, ಹೊಗೆ ಹಿಡಿಯುವಾಗ ಬತ್ತಿ ಒಂದೇ ಕಡೆ ನಿಂತಿತ್ತು. ಚೆನ್ನಾಗಿ ಹೊಗೆ ಹಿಡಿದ ಗ್ರೌಂಡ್ ಹೊಸ ಚಪ್ಪಲಿಯ ಹಾಗೆ ಕಪ್ಪಗೆ ಮಿರುಗುತ್ತದೆ. ಸುಟ್ಟದ್ದು ಬೂದಿ ಬಣ್ಣಕ್ಕೆ ತಿರುಗಿ ಹೊಳಪು ಕಳೆದುಕೊಳ್ಳುತ್ತದೆ, ಸೂಜಿ ತಾಕಿದರೆ ಪುಡಿ ಏಳುತ್ತದೆ. ಅಂಥ ಕಡೆ ಗೀಚಲು ಹೋಗಲೇಬೇಡಿ, ಒರೆಸಿ ಮತ್ತೆ ಹಚ್ಚಿ. ಒಂಟಿ ಚುಕ್ಕೆ, ಸುತ್ತ ಪುಟ್ಟ ಉಂಗುರ ಇದ್ದರೆ ಧೂಳಿನ ಕಣ. ಮಳೆಗಾಲದಲ್ಲಿ ತಣ್ಣನೆಯ ತಗಡಿಗೆ ತೇವ ಕೂತಿರುತ್ತದೆ, ಬಿಸಿ ಮಾಡದೆ ಲೇಪ ಹಚ್ಚಿದರೆ ಅದೂ ಹೀಗೇ ಕೈ ಕೊಡುತ್ತದೆ.

ನನ್ನದು ಇದ್ಯಾವುದೂ ಅಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಚುಕ್ಕೆಗಳು ಬಾಗಿದ ಸಾಲುಗಳಲ್ಲಿ ನಿಂತಿದ್ದವು. ಒಂದರೊಳಗೆ ಒಂದು, ಒಂದರೊಳಗೆ ಒಂದು. ಎರಡು ನಿಮಿಷ ಆದ ಮೇಲೆ ಹೊಳೆಯಿತು: ಅದು ನನ್ನದೇ ಹೆಬ್ಬೆರಳಿನ ಗುರುತು! ನಾನು ತಗಡನ್ನು ದೇವರ ಮನೆಯ ಚೊಂಬಿನ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಫಳಫಳ ಮಾಡಿದ್ದೆ. ಹುಣಸೆ ಕಿಲುಬು ತೆಗೆಯುತ್ತದೆ, ಜಿಡ್ಡು ತೆಗೆಯುವುದಿಲ್ಲ. ಹೊಳಪು ನೋಡಿ ಮೋಸ ಹೋದೆ. ಆಮೇಲೆ ಅದನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಳ್ಳುವಾಗ ಹೆಬ್ಬೆರಳು ಆಕಾಶದ ಮೇಲೆ ಇತ್ತು. ಜಿಡ್ಡಿನ ಮೇಲೆ ಗ್ರೌಂಡ್ ಹಿಡಿಯಲಿಲ್ಲ.

ಪರೀಕ್ಷೆ ಸುಲಭ. ತಗಡಿನ ಮೇಲೆ ನೀರು ಹಾಕಿ. ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಜಿಡ್ಡಿಲ್ಲ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು ಮುತ್ತಾಗಿ ಸರಿದರೆ ಇನ್ನೂ ಜಿಡ್ಡಿದೆ. ಸೀಮೆಸುಣ್ಣದ ನುಣ್ಣನೆ ಪುಡಿಗೆ ಸ್ವಲ್ಪ ವಿನೆಗರ್ ಹಾಕಿ ಉಜ್ಜಿ, ತೊಳೆದು, ಮತ್ತೆ ಪರೀಕ್ಷಿಸಿ. ಆಮೇಲೆ ಅಂಚು ಮಾತ್ರ ಹಿಡಿಯಿರಿ.

ಈ ದೋಷದಲ್ಲಿ ಜೊತೆಗಾರರು ದೊಡ್ಡವರೇ ಇದ್ದಾರೆ. ಡಚ್ ಚಿತ್ರಕಾರ ರೆಂಬ್ರಾಂಟ್ 1633ರಲ್ಲಿ ಯೇಸುವನ್ನು ಶಿಲುಬೆಯಿಂದ ಇಳಿಸುವ ದೃಶ್ಯವನ್ನು ದೊಡ್ಡ ತಗಡಿನ ಮೇಲೆ ಎಚಿಂಗ್ ಮಾಡಲು ಹೊರಟ. ಅರ್ಧ ಮೀಟರಿಗೂ ಜಾಸ್ತಿ ಎತ್ತರ. ಆಗ ಅವನಿಗೆ 27ರ ಆಸುಪಾಸು. ಆಮ್ಲಕ್ಕೆ ಹಾಕಿದಾಗ ಗ್ರೌಂಡ್ ಕೈಕೊಟ್ಟಿತು. ಬೇಡದ ಕಡೆಯೆಲ್ಲ ಆಮ್ಲ ಕಚ್ಚಿತು. ಆ ತಗಡಿನ ಕೆಲವೇ ಪ್ರತಿಗಳು ಉಳಿದಿವೆ. ಅದೇ ವರ್ಷ ಹೊಸ ತಗಡಿನ ಮೇಲೆ ಇಡೀ ಚಿತ್ರವನ್ನು ಮತ್ತೆ ಮಾಡಿಸಿದ. ಅದರಲ್ಲಿ ಯಾನ್ ವಾನ್ ವ್ಲೀಟ್ ಎಂಬ ಎಚಿಂಗ್‌ಗಾರನ ಕೈ ಇದೆ ಎಂದು ಬಲ್ಲವರು ಹೇಳುತ್ತಾರೆ.

ಯಾಕೆ ಮತ್ತೆ ಮಾಡಿಸಿದ? ಕೆಟ್ಟರೆ ಕೆಟ್ಟಿತು, ಚುಕ್ಕೆ ಇದ್ದರೇನು ಅಂತ ಬಿಡಬಹುದಿತ್ತು. ಅವನು ಸಣ್ಣ ತಗಡುಗಳಲ್ಲಿ ಎಷ್ಟೋ ಸಲ ಹಾಗೆ ಬಿಟ್ಟಿದ್ದಾನೆ. ಇಲ್ಲಿ ಬಿಡುವ ಹಾಗಿರಲಿಲ್ಲ. ಆ ದೃಶ್ಯದ ವರ್ಣಚಿತ್ರವನ್ನು ಅವನು ಡಚ್ ಗಣರಾಜ್ಯದ ಸ್ಟಾಡ್‌ಹೋಲ್ಡರ್, ಅಂದರೆ ಆಡಳಿತದ ಮುಖ್ಯಸ್ಥ, ಫ್ರೆಡರಿಕ್ ಹೆಂಡ್ರಿಕ್‌ಗೆ ಮಾಡಿದ್ದ. ಅರಮನೆಯ ಗೋಡೆಯಲ್ಲಿರುವ ಚಿತ್ರವನ್ನು ನಾಲ್ಕು ಜನ ನೋಡುತ್ತಾರೆ. ಕಾಗದದ ಮೇಲೆ ಒತ್ತಿದರೆ ಊರೂರಿಗೆ ಹೋಗುತ್ತದೆ. ಆಂಟ್‌ವರ್ಪ್‌ನ ಚಿತ್ರಕಾರ ರೂಬೆನ್ಸ್ ತನ್ನ ಚಿತ್ರಗಳನ್ನು ಹೀಗೆಯೇ ಯುರೋಪಿಡೀ ಹಬ್ಬಿಸಿದ್ದ, ಅದೂ ನಕಲು ಮಾಡದಂತೆ ಸರ್ಕಾರದ ಅಪ್ಪಣೆ ಪಡೆದು. ರೆಂಬ್ರಾಂಟ್ ಕೂಡ ತನ್ನ ಎರಡನೇ ತಗಡಿನಲ್ಲಿ ಅಂಥ ಅಪ್ಪಣೆಯ ಒಕ್ಕಣೆ ಕೆತ್ತಿದ. ಮುಂದೆ ಅದೇ ತಗಡಿಗೆ ಆಮ್‌ಸ್ಟರ್‌ಡಾಮ್‌ನ ಚಿತ್ರ ವ್ಯಾಪಾರಿ ಹೆಂಡ್ರಿಕ್ ಒಯ್ಲೆನ್‌ಬರ್ಖ್‌ನ ಹೆಸರೂ ಪ್ರಕಾಶಕನಾಗಿ ಸೇರಿತು. ಅಂದರೆ ಇದು ಜಾಹೀರಾತು. ಜಾಹೀರಾತಿನಲ್ಲಿ ಸಾಸಿವೆ ಚೆಲ್ಲಿರಬಾರದು.

ಹಾಗಾಗಿ ನಾನು ಈಗ ಯಾವ ಕಲೆ ಕಂಡರೂ ಮೊದಲು ಕೇಳಿಕೊಳ್ಳುವುದು: ಈ ಪ್ರತಿ ಯಾರಿಗೆ? ಉತ್ತರ ನೋಡಿಕೊಂಡು ಅದು ದೋಷವೋ ಅಲ್ಲವೋ ಎಂದು ತೀರ್ಮಾನಿಸುತ್ತೇನೆ.

ದೋಷವೇ ಎಂದಾದರೆ ಸರಿ ಮಾಡುವ ದಾರಿ ಹೀಗೆ. ಸಣ್ಣ ಚುಕ್ಕೆಗೆ ಎಣ್ಣೆ ಬಿಟ್ಟು ಬರ್ನಿಶರ್ ಎಂಬ ನುಣುಪು ಉಕ್ಕಿನ ಸಾಧನದಿಂದ ತಿಕ್ಕಿ ಮುಚ್ಚಿ. ಆಳದ ಚುಕ್ಕೆಗೆ ಮೊದಲು ಮೂರು ಅಂಚಿನ ಸ್ಕ್ರೇಪರ್‌ನಿಂದ ಹೆರೆದು ಆಮೇಲೆ ಬರ್ನಿಶರ್. ಹೆರೆದ ಜಾಗ ತಗ್ಗಾದರೆ ಅಲ್ಲಿ ಇಂಕ್ ನಿಂತು ಮಂಕು ಕಲೆ ಬರುತ್ತದೆ. ಆಗ ತಗಡು ಬೋರಲು ಹಾಕಿ, ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಗ್ಗನ್ನು ಮೇಲೆತ್ತಬೇಕು. ನನ್ನ ಹೆಬ್ಬೆರಳು ಅಳಿಸಲು ಎರಡು ಸಂಜೆ ಹಿಡಿಯಿತು. ಇನ್ನೂ ಓರೆಯಾಗಿ ನೋಡಿದರೆ ಕಾಣುತ್ತದೆ.

ಲಕ್ಷಣ: ಒತ್ತಾಗಿ ಎಳೆದ ಗೆರೆಗಳು ಸೇರಿ ಒಂದೇ ಹೊಂಡ

ಕತ್ತಲು ತೋರಿಸಲು ಗೆರೆ ಮೇಲೆ ಗೆರೆ ಅಡ್ಡಡ್ಡ ಎಳೆದಿರುತ್ತೀರಿ. ಪ್ರತಿಯಲ್ಲಿ ಗಾಢ ಕಪ್ಪು ಬರಬೇಕಾದ ಕಡೆ ಬೂದು ಬಣ್ಣದ ತೇಪೆ. ಅಂಚು ಮಾತ್ರ ಕಪ್ಪು. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಹೆಚ್ಚು ಕಚ್ಚಿದರೆ ಹೆಚ್ಚು ಕಪ್ಪಾಗಬೇಕಲ್ಲ?

ನಡೆದದ್ದು ಇಷ್ಟು. ಆಮ್ಲ ಕೆಳಗೆ ಮಾತ್ರ ಇಳಿಯುವುದಿಲ್ಲ, ಪಕ್ಕಕ್ಕೂ ತಿನ್ನುತ್ತದೆ. ಎರಡು ಗೆರೆಯ ನಡುವಿನ ತಾಮ್ರದ ಗೋಡೆ ತೆಳುವಾಗುತ್ತಾ ಹೋಗಿ, ಮೇಲಿನ ಗ್ರೌಂಡ್‌ಗೆ ಕಾಲೂರಲು ಜಾಗ ಇಲ್ಲದೆ ಕಳಚಿ ಬೀಳುತ್ತದೆ. ಗದ್ದೆಯ ಬದು ಕುಸಿದು ಎರಡು ಗದ್ದೆ ಒಂದಾದ ಹಾಗೆ. ಈಗ ಅಲ್ಲಿ ಗೆರೆ ಇಲ್ಲ, ಅಗಲವಾದ ಹೊಂಡ ಇದೆ. ಇಂಕ್ ನಿಲ್ಲುವುದು ಕಿರಿದಾದ ಸಂದಿಯಲ್ಲಿ. ಅಗಲ ಹೊಂಡದಿಂದ ಒರೆಸುವ ಬಟ್ಟೆ ಅದನ್ನು ಎತ್ತಿಕೊಂಡು ಹೋಗುತ್ತದೆ.

ಎರಡು ಕಡೆ ಹುಡುಕಿ. ಒಂದು ಗ್ರೌಂಡ್, ಇನ್ನೊಂದು ಆಮ್ಲ.

ಗ್ರೌಂಡ್ ವಿಷಯದಲ್ಲಿ ಆಗ ಫ್ರಾನ್ಸ್‌ನಿಂದ ಬೇರೆಯಾಗಿದ್ದ ಲೊರೇನ್‌ನ ನ್ಯಾನ್ಸಿ ಊರಿನ ಜಾಕ್ ಕಾಲೊನನ್ನು ನೆನೆಯಬೇಕು. 1592ರಲ್ಲಿ ಹುಟ್ಟಿದವನು, ಫ್ಲಾರೆನ್ಸ್‌ನಲ್ಲಿ ಮೆಡಿಚಿ ದೊರೆಗಳ ಆಸ್ಥಾನದಲ್ಲಿ ಕೆಲಸ ಮಾಡಿದವನು. ಆ ಕಾಲಕ್ಕೆ ರೂಢಿಯಲ್ಲಿದ್ದದ್ದು ಮೆದು ಮೇಣ. ಕೈ ತಾಕಿದರೆ ಕೆಡುತ್ತಿತ್ತು, ಒತ್ತಾದ ಗೆರೆ ತಡೆಯುತ್ತಿರಲಿಲ್ಲ. ಕಾಲೊ ಲ್ಯೂಟ್ ಎಂಬ ತಂತಿವಾದ್ಯ ಮಾಡುವವರು ಬಳಸುತ್ತಿದ್ದ ಗಟ್ಟಿ ವಾರ್ನಿಷ್ ತಂದ. ಮಸ್ತಕಿ ಅಂಟು, ಅಗಸೆ ಎಣ್ಣೆ. ಕಾಯಿಸಿ ಒಣಗಿಸಿದರೆ ಉಗುರಿಗೂ ಬಗ್ಗುವುದಿಲ್ಲ. ವೀಣೆ ಮಾಡುವವರ ಮನೆಗೆ ಹೋಗಿ ಚಿತ್ರಕ್ಕೆ ಬೇಕಾದ್ದನ್ನು ಕೇಳಿ ತಂದ ಹಾಗಾಯಿತು. ಜೊತೆಗೆ ಎಶೋಪ್ ಎಂಬ ಸಾಧನ. ಸೂಜಿಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಮೊಟ್ಟೆಯಾಕಾರದ ಮುಖ ಬರುತ್ತದೆ. ಅದನ್ನು ಹೊರಳಿಸುತ್ತಾ ಎಳೆದರೆ ಗೆರೆ ತೆಳುವಾಗಿ ಶುರುವಾಗಿ, ನಡುವೆ ಉಬ್ಬಿ, ಮತ್ತೆ ತೆಳುವಾಗುತ್ತದೆ.

ಉಬ್ಬುವ ಗೆರೆ ಯಾಕೆ ಬೇಕಿತ್ತು? ಅದು ಉಳಿಯಿಂದ ಕೊರೆದ ಎನ್‌ಗ್ರೇವಿಂಗ್‌ನ ಗುರುತು. ತಾಮ್ರವನ್ನು ಉಳಿಯಿಂದ ಕೊರೆಯಲು ವರ್ಷಗಟ್ಟಲೆ ಕಲಿಯಬೇಕಿತ್ತು, ಹಾಗಾಗಿ ಅದಕ್ಕೆ ಮರ್ಯಾದೆ ಜಾಸ್ತಿ. ಎಚಿಂಗ್ ಅಂದರೆ ಚಿತ್ರ ಬರೆಯಲು ಬಂದರೆ ಸಾಕು, ಯಾರು ಬೇಕಾದರೂ ಸೂಜಿ ಹಿಡಿಯಬಹುದು. ಕೆಲಸ ಬೇಗ, ಬೆಲೆಯೂ ಕಡಿಮೆ. ಬೊಸ್ 1645ರಲ್ಲಿ ಬರೆದ ಕೈಪಿಡಿಯಲ್ಲಿ ಎಚಿಂಗ್ ಮಾಡುವವನು ತನ್ನ ಗೆರೆಯನ್ನು ಎನ್‌ಗ್ರೇವಿಂಗ್‌ನಂತೆ ಕಾಣಿಸಬೇಕು ಎಂದೇ ಒತ್ತಾಯ ಮಾಡುತ್ತಾನೆ. ಬಡ ನೆಂಟ ಮದುವೆ ಮನೆಗೆ ಜರಿ ಪಂಚೆ ಉಟ್ಟು ಬಂದ ಹಾಗೆ. ನನಗೆ ಬೊಸ್‌ನ ಈ ಹಟ ಅಷ್ಟು ಹಿಡಿಸುವುದಿಲ್ಲ. ಆದರೆ ಅವನ ಶಿಸ್ತಿನಿಂದಲೇ ನಮಗೆ ದೋಷ ಗುರುತಿಸುವ ಕಣ್ಣು ಬಂತು ಎಂಬುದನ್ನೂ ಒಪ್ಪಬೇಕು.

ಈಗ ಆಮ್ಲ. ಬೊಸ್ ಎರಡು ಬಗೆ ಹೇಳುತ್ತಾನೆ. ಒಂದು ಚಿನ್ನ ಬೆಳ್ಳಿ ಬೇರೆ ಮಾಡುವವರ ಆಮ್ಲ, ಅಂದರೆ ನೈಟ್ರಿಕ್. ನಮ್ಮ ಅಕ್ಕಸಾಲಿಗರಿಗೂ ಗೊತ್ತಿರುವುದೇ. ಇನ್ನೊಂದು ವಿನೆಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಸೇರಿಸಿ ಕುದಿಸಿದ್ದು. ಮೊದಲನೆಯದು ಬೇಗ ಕಚ್ಚುತ್ತದೆ, ಗುಳ್ಳೆ ಏಳಿಸುತ್ತದೆ, ಪಕ್ಕಕ್ಕೆ ಜಾಸ್ತಿ ತಿನ್ನುತ್ತದೆ. ಎರಡನೆಯದು ನಿಧಾನ, ಅಂಚು ಚೊಕ್ಕ. ಅದನ್ನು ಓರೆಯಾಗಿ ನಿಲ್ಲಿಸಿದ ಹಲಗೆಗೆ ತಗಡು ಆನಿಸಿ, ಚೊಂಬಿನಿಂದ ಮತ್ತೆ ಮತ್ತೆ ಸುರಿಯುತ್ತಿದ್ದರು. ಕೆಳಗೆ ತೊಟ್ಟಿ. ತೊಟ್ಟಿ ತುಂಬಿದರೆ ಮತ್ತೆ ಚೊಂಬಿಗೆ. ಇಂದು ಹೆಚ್ಚಿನವರು ತಾಮ್ರಕ್ಕೆ ಬಳಸುವ ಫೆರಿಕ್ ಕ್ಲೋರೈಡ್ ಗುಣದಲ್ಲಿ ಈ ಎರಡನೆಯದಕ್ಕೇ ಹತ್ತಿರ. ನೈಟ್ರಿಕ್ ಬಳಸಲೇಬೇಕಿದ್ದರೆ ಕಿಟಕಿ ತೆರೆದಿಡಿ, ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಇದನ್ನು ಹತ್ತು ಸಲ ಹೇಳಿದರೂ ಕಡಿಮೆಯೇ.

ಬದು ಕುಸಿಯದಂತೆ ಎಷ್ಟು ಒತ್ತಾಗಿ ಎಳೆಯಬಹುದು ಎಂದು ನೋಡಬೇಕಾದರೆ ಹೊಲ್ಲರ್‌ನ ಮಫ್ ಚಿತ್ರಗಳನ್ನು ನೋಡಿ. ಪ್ರಾಗ್‌ನಲ್ಲಿ ಹುಟ್ಟಿ ಲಂಡನ್‌ನಲ್ಲಿ ಬದುಕಿದ ವೆನ್ಸೆಸ್ಲಾಸ್ ಹೊಲ್ಲರ್ 1640ರ ದಶಕದಲ್ಲಿ ಹೆಂಗಸರು ಚಳಿಗೆ ಕೈ ತೂರಿಸಿಕೊಳ್ಳುವ ತುಪ್ಪಳದ ಚೀಲಗಳನ್ನು ಎಚಿಂಗ್ ಮಾಡಿದ. ಒಂದೊಂದು ಕೂದಲೂ ಒಂದು ಗೆರೆ. ಮುಟ್ಟಿದರೆ ಬೆಚ್ಚಗಿರುತ್ತದೇನೋ ಅನ್ನಿಸುತ್ತದೆ. ಎಲ್ಲೂ ಕುಸಿದಿಲ್ಲ.

ಕುಸಿದ ಮೇಲೆ ಸರಿ ಮಾಡುವುದು ಕಷ್ಟ. ಹೊಂಡದ ತಳವನ್ನೇ ಉಳಿಯಿಂದ ಅಡ್ಡ ಗೀರಿ ಇಂಕ್ ನಿಲ್ಲುವ ಹಾಗೆ ಮಾಡಬಹುದು. ಅಥವಾ ಹಾಗೇ ಬಿಡಿ.

ಲಕ್ಷಣ: ಹತ್ತಿರದ್ದು, ದೂರದ್ದು ಎಲ್ಲ ಒಂದೇ ಕಪ್ಪು

ಇದು ಕಲಿಯುವವರಲ್ಲಿ ಅತಿ ಜಾಸ್ತಿ. ಗೆರೆ ಎಲ್ಲ ಸರಿ, ಆದರೆ ಬೆಟ್ಟ ಮನೆಯ ತಲೆ ಮೇಲೆ ಕೂತ ಹಾಗೆ ಕಾಣುತ್ತದೆ. ಇಡೀ ತಗಡನ್ನು ಒಂದೇ ಸಲ, ಒಂದೇ ಹೊತ್ತು ಕಚ್ಚಿಸಿದ್ದೀರಿ.

ಪರಿಹಾರ ಹಂತ ಹಂತವಾಗಿ ಕಚ್ಚಿಸುವುದು. ಸ್ವಲ್ಪ ಹೊತ್ತು ಆಮ್ಲದಲ್ಲಿಟ್ಟು ತೆಗೆದು ತೊಳೆದು ಒಣಗಿಸಿ. ದೂರದ ಬೆಟ್ಟ, ಮೋಡ ಇಷ್ಟು ಸಾಕು ಅನ್ನಿಸಿದ ಕಡೆ ವಾರ್ನಿಷ್ ಬಳಿದು ಮುಚ್ಚಿ. ಮತ್ತೆ ಆಮ್ಲಕ್ಕೆ. ನಡುವಿನ ಮರಗಳನ್ನು ಮುಚ್ಚಿ. ಮತ್ತೆ ಆಮ್ಲಕ್ಕೆ. ಕೊನೆಗೆ ಉಳಿಯುವುದು ಮುಂದಿರುವ ಜನರು, ಅವರ ನೆರಳು. ಬೊಸ್ ಕಾಲದಲ್ಲಿ ಮುಚ್ಚಲು ಎಣ್ಣೆ ಮತ್ತು ಪ್ರಾಣಿಯ ಕೊಬ್ಬು ಬಿಸಿ ಮಾಡಿ ಕುಂಚದಲ್ಲಿ ಬಳಿಯುತ್ತಿದ್ದರು. ಹೊತ್ತು ಎಷ್ಟು ಎಂದು ಕೇಳಬೇಡಿ. ಬೆಲ್ಲದ ಪಾಕದ ಹದ ಗಡಿಯಾರ ನೋಡಿ ಬರುವುದಿಲ್ಲ. ಆಮ್ಲದ ವಯಸ್ಸು, ಆ ದಿನದ ಸೆಕೆ, ಗೆರೆಗಳ ಒತ್ತು ಎಲ್ಲ ಸೇರುತ್ತದೆ. ತಗಡಿನ ಅಂಚಿನಲ್ಲಿ ಏಳೆಂಟು ಪರೀಕ್ಷೆಯ ಗೆರೆ ಎಳೆದಿಟ್ಟುಕೊಂಡು, ಅದರಲ್ಲಿ ಸೂಜಿಮೊನೆ ಇಳಿಸಿ ಆಳ ನೋಡುವುದು ನನ್ನ ಅಭ್ಯಾಸ.

ಹಂತಗಳಿಂದ ಏನಾಗುತ್ತದೆ ಎನ್ನುವುದಕ್ಕೆ ಕಾಲೊ 1620ರಲ್ಲಿ ಮಾಡಿದ ಇಂಪ್ರುನೆಟಾ ಜಾತ್ರೆ ಸಾಕು. ಫ್ಲಾರೆನ್ಸ್ ಹತ್ತಿರದ ಊರಿನ ಸಂತೆ. ಒಂದೇ ತಗಡಿನಲ್ಲಿ ಸಾವಿರಕ್ಕೂ ಹೆಚ್ಚು ಜನ. ದೂರದವರು ಅಕ್ಕಿ ಕಾಳಿಗಿಂತ ಚಿಕ್ಕವರು, ಆದರೂ ಒಬ್ಬರ ಮೇಲೊಬ್ಬರು ಬಿದ್ದಿಲ್ಲ. ಒಂದೇ ಹೊತ್ತು ಕಚ್ಚಿಸಿದ್ದರೆ ಇರುವೆ ಗೂಡು ಒಡೆದ ಹಾಗೆ ಇರುತ್ತಿತ್ತು.

ಅದೇ ಕಾಲೊ 1633ರಲ್ಲಿ ಯುದ್ಧದ ಸಂಕಟಗಳ 18 ಪುಟ್ಟ ಚಿತ್ರಗಳನ್ನು ಹೊರತಂದ. ಒಂದೊಂದೂ ಸುಮಾರು 8 ಸೆಂಟಿಮೀಟರ್ ಎತ್ತರ, 19 ಸೆಂಟಿಮೀಟರ್ ಅಗಲ. ಆ ವರ್ಷ ಫ್ರೆಂಚ್ ಸೈನ್ಯ ಅವನ ಲೊರೇನ್‌ಗೆ ನುಗ್ಗಿತ್ತು. ಸೈನಿಕರು ಮನೆ ಸುಲಿಯುತ್ತಾರೆ, ಹಳ್ಳಿ ಸುಡುತ್ತಾರೆ, ಆಮೇಲೆ ಅವರನ್ನೇ ಸಾಲಾಗಿ ಮರಕ್ಕೆ ನೇತುಹಾಕುತ್ತಾರೆ. ಆ ಮರದ ಚಿತ್ರದಲ್ಲಿ ಕೊಂಬೆಗೆ ನೇತಾಡುವವರು ನಡುವಿನ ಕಪ್ಪಿನಲ್ಲಿದ್ದಾರೆ, ಹಿಂದೆ ಸೈನ್ಯ ತೆಳು ಬೂದಿಯಲ್ಲಿ ಸಾಲುಗಟ್ಟಿ ನಿಂತಿದೆ, ಮುಂದೆ ದಾಳ ಎಸೆದು ಆಡುತ್ತಿರುವ ಇಬ್ಬರು ಗಾಢವಾಗಿದ್ದಾರೆ. ನಮ್ಮ ಕಣ್ಣು ಮೊದಲು ಆಟಕ್ಕೆ ಹೋಗಿ, ಆಮೇಲೆ ಮರಕ್ಕೆ ಏರುತ್ತದೆ. ಇದನ್ನು ಪ್ಯಾರಿಸ್‌ನಲ್ಲಿ ಪ್ರಕಟಿಸಿದವನು ಅವನ ಗೆಳೆಯ ಇಸ್ರೇಲ್ ಹೆನ್ರಿಯೆ. ಅಂಗೈಯಲ್ಲಿ ಹಿಡಿದು ನೋಡುವ ಕಾಗದ. ಮುತ್ತಿಗೆ, ಹಬ್ಬ, ಮರಣದಂಡನೆ, ಫ್ಯಾಷನ್, ಭಿಕ್ಷುಕರು, ಎಲ್ಲವೂ ಆ ಕಾಲದಲ್ಲಿ ಜನರ ಕೈಗೆ ಬಂದದ್ದು ಇಂಥ ಕಾಗದಗಳಲ್ಲಿ. ಎಚಿಂಗ್ ಬೇಗ ಆಗುತ್ತಿದ್ದದ್ದು ಇಲ್ಲಿ ಅನುಕೂಲಕ್ಕೆ ಬಂತು.

ಲಕ್ಷಣ: ಗೆರೆ ತುಂಡು ತುಂಡು

ಸೂಜಿ ಲೇಪ ದಾಟಿ ತಾಮ್ರ ತಾಕಿಲ್ಲ, ಅಥವಾ ಗುಳ್ಳೆ ಕೂತು ಆಮ್ಲವನ್ನು ತಡೆದಿದೆ. ನೈಟ್ರಿಕ್ ಆದರೆ ಹಕ್ಕಿ ಪುಕ್ಕದಿಂದ ಗುಳ್ಳೆ ಸವರುತ್ತಿರಿ. ಫೆರಿಕ್ ಆದರೆ ಗೆರೆಯೊಳಗೆ ಕೆಸರು ಕೂತಿದೆ, ತಗಡನ್ನು ಬೋರಲು ಹಾಕಿ ಕಚ್ಚಿಸಿ. ಸೂಜಿ ತೀರಾ ಚೂಪಾಗಿದ್ದರೂ ಹೀಗಾಗುತ್ತದೆ, ಅದು ತಾಮ್ರಕ್ಕೆ ಸಿಕ್ಕಿ ಕುಣಿಯುತ್ತದೆ. ತುದಿಯನ್ನು ಸ್ವಲ್ಪ ಮೊಂಡು ಮಾಡಿ.

ಲಕ್ಷಣ: ತಗಡು ಚೆನ್ನಾಗಿದೆ, ಪ್ರತಿ ಪೇಲವ

ಪ್ರತಿಯ ಹಿಂಬದಿಗೆ ಬೆರಳಾಡಿಸಿ. ಗೆರೆಗಳ ಉಬ್ಬು ತಗ್ಗು ಬೆರಳಿಗೆ ಸಿಕ್ಕರೆ ಒತ್ತಡ ಸಾಕಷ್ಟಿದೆ. ಸಿಗದಿದ್ದರೆ ಪ್ರೆಸ್ ಬಿಗಿ ಮಾಡಿ, ಕಂಬಳಿ ಗಟ್ಟಿಯಾಗಿದೆಯೇ ನೋಡಿ. ಉಬ್ಬಿದೆ ಆದರೆ ಗೆರೆ ಬಿಳಿಯಾಗಿದೆ ಎಂದರೆ ಇಂಕ್ ಒಳಗೆ ಇಳಿದೇ ಇಲ್ಲ, ತಗಡನ್ನು ಸ್ವಲ್ಪ ಬೆಚ್ಚಗೆ ಮಾಡಿ ಇಂಕ್ ತುಂಬಿ. ಇಂಕ್ ಅರ್ಧ ಹಿಡಿದು ಅರ್ಧ ಬಿಟ್ಟಿದ್ದರೆ ಕಾಗದ ಒಣಗಿದೆ. ಕಾಗದ ಹಿಂದಿನ ರಾತ್ರಿಯೇ ನೆನೆದು, ಮುಟ್ಟಿದರೆ ತಣ್ಣಗಿರಬೇಕು, ನೀರು ಮಿನುಗಬಾರದು. ಇನ್ನು ಒರೆಸುವುದು: ಬಟ್ಟೆಯಿಂದ ಗೆರೆಯುದ್ದಕ್ಕೆ ಎಳೆದರೆ ಇಂಕ್ ಹೊರಗೆ ಬರುತ್ತದೆ. ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಗುರಾಗಿ ಒರೆಸಿ. ಬೊಸ್‌ನ ಚಿತ್ರದಲ್ಲಿರುವವನು ಮಾಡುತ್ತಿರುವುದು ಇದೇ ಒರೆಸು.

ರೆಂಬ್ರಾಂಟ್ ಕೆಲವು ಸಲ ಬೇಕೆಂದೇ ಪೂರ್ತಿ ಒರೆಸುತ್ತಿರಲಿಲ್ಲ. ತೆಳು ಇಂಕ್ ಪದರ ಬಿಟ್ಟು ಕತ್ತಲು ತರುತ್ತಿದ್ದ. ಜಪಾನಿನ ಕಾಗದವನ್ನೂ ಬಳಸಿದ, ಅದು ಡಚ್ ಹಡಗುಗಳಲ್ಲಿ ಬರುತ್ತಿತ್ತು. ಅದರ ಮೇಲೆ ಗೆರೆ ಮೆತ್ತಗೆ ಕೂರುತ್ತದೆ. ಇಂಥ ಏಷ್ಯಾದ ಕಾಗದದ ಮೇಲೆಯೇ ಅವನು ಮೊಘಲ್ ಚಿತ್ರಗಳನ್ನು ನೋಡಿ ಬರೆದುಕೊಂಡ. 1656ರ ಎಚಿಂಗ್‌ನಲ್ಲಿ ಬೈಬಲಿನ ಅಬ್ರಹಾಮನ ಅತಿಥಿಗಳು ಮೇಜು ಕುರ್ಚಿ ಬಿಟ್ಟು ನೆಲದ ಮೇಲೆ ನಮ್ಮವರ ಹಾಗೆ ಕೂತಿರುವುದು ಅಲ್ಲಿಂದ ಬಂದದ್ದು.

ಎಲ್ಲ ಸರಿ ಮಾಡಿದರೂ ಪೇಲವ ಎಂದರೆ ತಗಡು ಸವೆದಿದೆ. ಪ್ರತಿ ಸಲ ಒರೆಸುವುದು, ಒತ್ತುವುದು ತಾಮ್ರವನ್ನು ತಿನ್ನುತ್ತದೆ. ಮೊದಲು ಹೋಗುವುದು ಡ್ರೈಪಾಯಿಂಟ್, ಅಂದರೆ ಆಮ್ಲವಿಲ್ಲದೆ ಸೂಜಿಯಿಂದ ನೇರ ಗೀರಿದ ಗೆರೆ. ಅದರ ಪಕ್ಕದಲ್ಲಿ ಏಳುವ ತಾಮ್ರದ ಒರಟು ಅಂಚು ಇಂಕ್ ಹಿಡಿದು ಮಖಮಲ್ಲಿನ ಹಾಗೆ ಕಾಣುತ್ತದೆ, ಬೇಗ ಸವೆಯುತ್ತದೆ. 1653ರ ಮೂರು ಶಿಲುಬೆಗಳ ತಗಡು ಹೀಗೆ ಸವೆದಾಗ ರೆಂಬ್ರಾಂಟ್ ಅದನ್ನು ಹೆರೆದು, ಬಹುಪಾಲು ಕತ್ತಲಲ್ಲಿ ಮುಳುಗಿಸಿ ಬೇರೆಯೇ ಚಿತ್ರ ಮಾಡಿಬಿಟ್ಟ. ಎಲ್ಲರಿಗೂ ಆ ಧೈರ್ಯ ಇರುವುದಿಲ್ಲ. ಅವನದೇ ನೂರು ಗಿಲ್ಡರ್ (ಗಿಲ್ಡರ್ ಅಂದರೆ ಡಚ್ ನಾಣ್ಯ) ಎಂದು ಹೆಸರಾದ ತಗಡು ಮುಂದೆ ಸವೆದು ಹೋಗಿ, ವಿಲಿಯಂ ಬೇಲಿ ಎಂಬುವನ ಕೈಗೆ ಬಂತು. ಅವನು 1775ರ ಹೊತ್ತಿಗೆ ಗೆರೆಗಳನ್ನು ಮತ್ತೆ ತಿದ್ದಿ ಪ್ರತಿ ತೆಗೆದ, ಆಮೇಲೆ ತಗಡನ್ನೇ ಕತ್ತರಿಸಿ ತುಂಡು ಮಾಡಿದ.

ಲಕ್ಷಣ: ನಾನು ಎಳೆಯದ ಗೆರೆಗಳು

ಹಳೆಯ ತಗಡನ್ನು ಉಜ್ಜಿ ಮತ್ತೆ ಬಳಸಿದ್ದೀರಾ? ಹಿಂದಿನ ಚಿತ್ರ ಪೂರ್ತಿ ಹೋಗಿಲ್ಲ. ತಾಮ್ರ ದುಬಾರಿ, ಆಗಲೂ ಹೀಗೆ ಮಾಡುತ್ತಿದ್ದರು. ಡಚ್ ಎಚಿಂಗ್‌ಗಾರ ಹರ್ಕ್ಯುಲಿಸ್ ಸೆಗರ್ಸ್ ದೊಡ್ಡ ಹಡಗಿನ ತಗಡೊಂದನ್ನು ಕತ್ತರಿಸಿ ಅದರ ಮೇಲೆ ಬೇರೆ ಭೂದೃಶ್ಯ ಮಾಡಿದ. ಹಡಗಿನ ಹಗ್ಗಗಳು ಇನ್ನೂ ಕಾಣುತ್ತವೆ. ಅವನದೇ, ಬೈಬಲ್ ಕಥೆಯ ತೋಬಿತನ ಮಗ ಮತ್ತು ದೇವದೂತನ ತಗಡು ರೆಂಬ್ರಾಂಟ್ ಕೈಗೆ ಸಿಕ್ಕಾಗ, ಅವನು ದೇವದೂತನನ್ನು ಅಳಿಸಿ ಮರಗಳನ್ನು ಬೆಳೆಸಿ, ಈಜಿಪ್ಟಿಗೆ ಓಡುವ ಯೇಸುವಿನ ಕುಟುಂಬವನ್ನು ಕೂರಿಸಿದ. ಎಲೆಗಳ ನಡುವೆ ಇವತ್ತಿಗೂ ರೆಕ್ಕೆಯ ಗುರುತು ಹುಡುಕಬಹುದು. ಅಳಿಸಬೇಕೆಂದರೆ ಸ್ಕ್ರೇಪರ್ ಹಿಡಿಯಿರಿ. ನಾನಾದರೆ ರೆಕ್ಕೆ ಇರಲಿ ಅನ್ನುತ್ತೇನೆ.

ಲಕ್ಷಣ: ಎಡ ಬಲ ಅದಲು ಬದಲು

ತಗಡು ಕಾಗದಕ್ಕೆ ಮುಖ ಕೊಟ್ಟು ಒತ್ತುವುದರಿಂದ ಎಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಸಹಿ, ಇಸವಿ, ಬಲಗೈ ಕತ್ತಿ, ಎಲ್ಲ. ಕನ್ನಡ ಬರೆಯುವವರಿಗೆ ಇದು ಇನ್ನೂ ಪಜೀತಿ. ಒತ್ತಕ್ಷರವನ್ನು ತಿರುಗಿಸಿ ಬರೆಯುವಾಗ ಕೈ ತನ್ನ ಹಳೇ ದಾರಿಗೇ ಓಡುತ್ತದೆ. ಟ್ರೇಸಿಂಗ್ ಕಾಗದದ ಮೇಲೆ ಬರೆದು, ಬೋರಲು ಹಾಕಿ ಗ್ರೌಂಡ್ ಮೇಲೆ ಇಳಿಸಿಕೊಳ್ಳಿ. ಕೆಲಸ ಮಾಡುವಾಗ ಎದುರಿಗೆ ಕನ್ನಡಿ ಇಟ್ಟುಕೊಳ್ಳಿ.

ರೆಂಬ್ರಾಂಟ್ 1650ರಲ್ಲಿ ಒಂದೇ ಒಂದು ಶಂಖವನ್ನು ಎಚಿಂಗ್ ಮಾಡಿದ. ಕೋನಸ್ ಎಂಬ ಜಾತಿ, ಹಿಂದೂ ಮಹಾಸಾಗರದ ಕಡೆಯಿಂದ ಆಮ್‌ಸ್ಟರ್‌ಡಾಮ್‌ನ ಸಂಗ್ರಹಗಾರರ ಕಪಾಟಿಗೆ ಬಂದದ್ದು. ಮೈಮೇಲಿನ ಬಿಳಿ ಮಚ್ಚೆಗಳು, ಹಿಂದಿನ ಕತ್ತಲು, ಎಲ್ಲ ಅದ್ಭುತ. ಆದರೆ ಕಂಡದ್ದನ್ನು ಕಂಡಂತೆಯೇ ತಗಡಿಗೆ ಬರೆದ. ಹಾಗಾಗಿ ಪ್ರತಿಯಲ್ಲಿ ಶಂಖದ ಸುರುಳಿ ಉಲ್ಟಾ ತಿರುಗಿತು, ಆ ಜಾತಿಯ ಶಂಖ ನಿಜವಾಗಿ ತಿರುಗದ ದಿಕ್ಕಿಗೆ. ಅವನಿಗೆ ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ಕೆಳಗಿನ ಸಹಿ ಮತ್ತು ಇಸವಿಯನ್ನು ಮಾತ್ರ ತಗಡಿನಲ್ಲಿ ಉಲ್ಟಾ ಬರೆದು, ಕಾಗದದಲ್ಲಿ ನೆಟ್ಟಗೆ ಬರಿಸಿದ್ದಾನೆ.